ಕೆಂಚವ್ವನ ದಾರ, ಆಲದ ಬಿಳಲು

ಆ ಬೇರಿನ ಮೇಲೆ ಕೂರಬೇಡ ಪುಟ್ಟಿ, ಇರುವೆ ಇವೆ. ಇಲ್ಲಿ, ಅಜ್ಜಿಯ ಪಕ್ಕ ಬಾ. ಕಾಲು ಮೇಲಿಟ್ಟುಕೋ. ನನ್ನ ಸೆರಗು ಬಿಡಬೇಡ, ಕಾರಹುಣ್ಣಿಮೆ ಅಂದರೆ ಊರಿನ ಹೆಂಗಸರೆಲ್ಲ ಈ ಆಲದ ಮರದ ಕೆಳಗೇ ಇರುತ್ತಾರೆ, ಈ ಗದ್ದಲದಲ್ಲಿ ನಿನ್ನನ್ನು ಎಲ್ಲಿ ಅಂತ ಹುಡುಕಲಿ? ನಿಮ್ಮಮ್ಮ ಅಲ್ಲಿ ಸಾಲಿನಲ್ಲಿ ನಿಂತಿದ್ದಾಳೆ ನೋಡು, ಹಳದಿ ದಾರದ ಉಂಡೆ ಹಿಡಿದುಕೊಂಡು. ಅವಳ ಸರದಿ ಬರುವುದಕ್ಕೆ ಇನ್ನೂ ಹೊತ್ತಿದೆ.

ಫೋನು ಬಡಿದುಕೊಂಡಿತಾ? ಇಲ್ಲವಾ? ನನಗೆ ಕೇಳಿಸಿದ ಹಾಗಾಯಿತು. ನಿಮ್ಮಪ್ಪ ಲಾರಿ ತಗೊಂಡು ಗುವಾಹಟಿ ಕಡೆ ಹೋದವನು ನಿನ್ನೆಯಿಂದ ಮಾತಾಡಿಲ್ಲ. ಅಲ್ಲಿ ಸಿಗ್ನಲ್ ಸಿಗಲ್ಲವಂತೆ. ಇರಲಿ. ಸಿಗ್ನಲ್ಲೇ ಇರಬೇಕು.

ಏನು ಕೇಳಿದೆ? ಈ ಮರಕ್ಕೆ ಮಾತ್ರ ಕೊಂಬೆಯಿಂದ ಬೇರು ಯಾಕೆ ಜೋತುಬಿದ್ದಿದೆ ಅಂತಲೇ? ಹೌದು ಕಣೇ, ಬೇವಿಗಿಲ್ಲ, ಮಾವಿಗಿಲ್ಲ, ಹುಣಸೆಗಿಲ್ಲ. ಅದಕ್ಕೆ ಬಿಳಲು ಅನ್ನುತ್ತಾರೆ. ಅಯ್ಯೋ, ಜೋತಾಡಬೇಡ, ತುದಿ ಮುರಿದೀತು! ಕೂತುಕೋ, ಹೇಳುತ್ತೇನೆ. ಸ್ವಲ್ಪ ಹೆದರಿಕೆಯ ಕಥೆ. ನನಗೆ ಕೊನೆ ಗೊತ್ತಿದ್ದರೂ ಹೇಳುವಾಗೆಲ್ಲ ಎದೆ ಡವಡವ ಅನ್ನುತ್ತದೆ.

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಬೆಟ್ಟದ ಮೇಲೆ ಕೈಯಿಟ್ಟರೆ ಈಗತಾನೆ ಒಲೆಯಿಂದ ಇಳಿಸಿದ ಮಡಕೆಯ ಹಾಗೆ ಬೆಚ್ಚಗಿರುತ್ತಿತ್ತಂತೆ. ಹೊಳೆಗೆ ತನ್ನ ದಾರಿ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. ಇವತ್ತು ಈ ಬಂಡೆಯನ್ನು ಬಳಸಿ ಹೋದರೆ ನಾಳೆ ಆ ಬಂಡೆಯನ್ನು ಬಳಸಿ ಹೋಗುತ್ತಿತ್ತು. ಗಾಳಿ, ಹೊಳೆ, ಹಕ್ಕಿ, ಮರ, ಮನುಷ್ಯ, ಎಲ್ಲರೂ ಕೂತು ಮಾತಾಡುತ್ತಿದ್ದರು.

ಆ ಹೊಳೆಯ ದಂಡೆಯಲ್ಲಿ ಒಂದು ಆಲದ ಮರವಿತ್ತು. ಆಗ ಅದಕ್ಕೆ ಬಿಳಲು ಇರಲಿಲ್ಲ. ಎಲ್ಲ ಮರಗಳಿಗಿದ್ದ ಹಾಗೆ ಅದಕ್ಕೂ ಒಂದೇ ಕಾಂಡ, ಮೇಲೆ ಕೊಂಬೆ, ಕೆಳಗೆ ಬೇರು. ಅದರಷ್ಟು ದೊಡ್ಡ ನೆರಳು ಮಾತ್ರ ಇನ್ಯಾವ ಮರಕ್ಕೂ ಇರಲಿಲ್ಲ.

ಆ ನೆರಳಿನಲ್ಲಿ ಒಂದಷ್ಟು ಜನ ಗುಡಿಸಲು ಹಾಕಿಕೊಂಡಿದ್ದರು. ಜನರೂ ಹೊಸಬರೇ. ಹೊಸಬರಿಗೆ ಎಲ್ಲದಕ್ಕೂ ಭಯ ತಾನೆ? ಸೂರ್ಯ ಮುಳುಗಿದರೆ ಭಯ, ನಾಳೆ ಬರುತ್ತಾನೋ ಇಲ್ಲವೋ. ಮಗು ಸೀನಿದರೆ ಭಯ. ಯಾರಾದರೂ ಗುಡ್ಡದ ಆಚೆ ಹೋದರೆ ಭಯ. ಭಯವಾದಾಗ ಏನು ಮಾಡಬೇಕು ಅಂತ ಅವರಿಗೆ ಗೊತ್ತಿದ್ದದ್ದು ಒಂದೇ ಉಪಾಯ. ಕಟ್ಟುವುದು. ಕರು ಕಟ್ಟಿದರೆ ಓಡಿಹೋಗಲ್ಲ. ಹುಲ್ಲು ಕಟ್ಟಿದರೆ ಚೆಲ್ಲಿಹೋಗಲ್ಲ. ದೋಣಿ ಕಟ್ಟಿದರೆ ತೇಲಿಹೋಗಲ್ಲ. ಕಟ್ಟಿದ್ದು ಕಳೆದುಹೋಗಲ್ಲ ಅಂತ ಅವರು ಗಟ್ಟಿಯಾಗಿ ನಂಬಿದ್ದರು.

ಅಲ್ಲಿ ಕೆಂಚವ್ವ ಅಂತ ಒಬ್ಬ ತಾಯಿ ಇದ್ದಳು. ಅವಳಿಗೆ ಒಬ್ಬನೇ ಮಗ, ಬೊಮ್ಮ. ಆಲದ ಒಂದು ಕೊಂಬೆ ಹೊಳೆಯ ಕಡೆ ಚಾಚಿಕೊಂಡಿತ್ತು. ಅದರ ಮೇಲೆ ಕೂತು ಕಾಲು ಆಡಿಸುತ್ತಾ ಹೊಳೆಯ ಜೊತೆ ಹರಟುವುದೇ ಅವನ ಕೆಲಸ.

"ನೀನು ಹೋಗುವುದು ಎಲ್ಲಿಗೆ?" ಅಂತ ಒಂದು ದಿನ ಕೇಳಿದ.

"ನನಗೂ ಗೊತ್ತಿಲ್ಲಪ್ಪ," ಅಂದಿತು ಹೊಳೆ. "ಬರ್ತೀಯಾ? ನೋಡಿಬಿಡೋಣ."

ಹೊರಟೇಬಿಟ್ಟ! ಕೆಂಚವ್ವ ಬೈದಳು, ಅತ್ತಳು, ಬುತ್ತಿ ಕಟ್ಟಿಕೊಟ್ಟಳು, ಮತ್ತೆ ಬೈದಳು. ಅವನು ನಗುತ್ತಾ ದಂಡೆಯುದ್ದಕ್ಕೂ ನಡೆದು ತಿರುವಿನಲ್ಲಿ ಮರೆಯಾದ. ಕೆಂಚವ್ವ ಅವತ್ತು ಒಲೆ ಹಚ್ಚಲಿಲ್ಲ. ಹತ್ತಿಯ ನೂಲು ತೆಗೆದು ಹೊಸೆದು ಹೊಸೆದು ಗಟ್ಟಿ ದಾರ ಮಾಡಿದಳು. ಅರಿಶಿನ ಹಚ್ಚಿದಳು. ಆಲದ ಸೊಂಟಕ್ಕೆ ಸುತ್ತಿದಳು. ಕಾಂಡಕ್ಕೆ ಕಾಲು ಕೊಟ್ಟು ಎಳೆದು ಗಂಟು ಬಿಗಿದಳು. ಸಡಿಲ ಬಿಟ್ಟರೆ ಮಗ ಎಲ್ಲಿ ಜಾರಿಬಿಟ್ಟಾನೋ ಅನ್ನುವ ಭಯ ಅವಳಿಗೆ.

"ಆಲವೇ, ನನ್ನ ಬೊಮ್ಮನನ್ನು ನಿನಗೆ ಕಟ್ಟಿದ್ದೀನಿ. ಎಲ್ಲೇ ಹೋಗಲಿ, ಕಳೆದುಹೋಗದ ಹಾಗೆ ಹಿಡ್ಕೋ."

"ಆಗಲಿ ತಾಯಿ, ಬಿಡಲ್ಲ," ಅಂದಿತು ಆಲ. ಅದುವರೆಗೆ ಆ ಮರವನ್ನು ಯಾರೂ ನಂಬಿ ಏನನ್ನೂ ಕೊಟ್ಟಿರಲಿಲ್ಲ. ಅದಕ್ಕೆ ತುಂಬಾ ಸಂತೋಷವಾಯಿತು.

ಅವಳು ಕಟ್ಟಿದ್ದನ್ನು ಉಳಿದವರು ನೋಡಿದರು. ಮುಂದಿನ ಸಲ ಮಳೆಗಾಲದ ಮುಂಚಿನ ಹುಣ್ಣಿಮೆ ಬಂದಾಗ ಎಲ್ಲರೂ ದಾರ ತಂದರು. ಗಂಡನಿಗೊಂದು, ಮಗುವಿಗೊಂದು, ಕೆಮ್ಮುವ ಮುದುಕನಿಗೊಂದು. ಅದೇ ಹಬ್ಬವಾಯಿತು. ದಾರದ ಜೊತೆ ಪ್ರೀತಿಯ ಸಾಮಾನೂ ಬಂತು. ತೀರಿಕೊಂಡ ಅಜ್ಜಿಯ ಬಳೆ. ಕೂಸಿನ ಮೊದಲ ಗೆಜ್ಜೆ. ಯಾರೋ ಮಾಡಿದ ಮಣ್ಣಿನ ಗಿಳಿ. ಬೆಳಗಿನ ಬಿಸಿಲಿಗೆ ಮರವೆಲ್ಲ ಝಗಝಗ ಅನ್ನುತ್ತಿತ್ತು. ಗಾಳಿ ಬಂದರೆ ಗೆಜ್ಜೆ ಕುಣಿಯುತ್ತಿತ್ತು. ಚೆಂದವಿತ್ತು ಕಣೇ, ಸುಳ್ಳು ಯಾಕೆ ಹೇಳಲಿ, ಬಲು ಚೆಂದವಿತ್ತು.

ವರ್ಷವರ್ಷವೂ ಹೊಸ ದಾರ. ಹಳೆಯದನ್ನು ಬಿಚ್ಚಿದವರು ಯಾರೂ ಇಲ್ಲ. "ಬಿಚ್ಚೋದಾ? ಬಿಡ್ತು ಅನ್ನು! ಅದು ನನ್ನ ಮಗಳು!" ಅಂತ ಬಾಯಿಬಾಯಿ ಬಡಿದುಕೊಳ್ಳುತ್ತಿದ್ದರು. ಆದರೆ ಮರ ಅಂದ ಮೇಲೆ ದಪ್ಪವಾಗದೆ ಇರುತ್ತದೆಯೇ? ಹೋದ ವರ್ಷದ ಲಂಗ ನಿನಗೆ ಈ ವರ್ಷ ಸೊಂಟಕ್ಕೆ ಒತ್ತಲಿಲ್ಲವೇ? ಹಾಗೇ. ಮರ ಬೆಳೆಯಿತು, ದಾರ ಬೆಳೆಯಲಿಲ್ಲ.

ಮೊದಲು ಗೊತ್ತಾದದ್ದು ಕುಟ್ರುಹಕ್ಕಿಗೆ.

"ಕುಟ್ರು, ಕುಟ್ರು! ಆಲಣ್ಣ, ನೆತ್ತಿಯ ಮೇಲೆ ಹಣ್ಣೇ ಇಲ್ಲವಲ್ಲ!"

"ಬರುತ್ತೆ, ಬರುತ್ತೆ," ಅಂದಿತು ಆಲ.

ಆಮೇಲೆ ಗಾಳಿಗೆ ಗೊತ್ತಾಯಿತು. "ಆಲಣ್ಣ, ನಿನ್ನೆಲೆ ಮೊದಲು ಪಟಪಟ ಅಂತಿತ್ತು. ಈಗ ಚರಚರ ಅಂತಿದೆ. ಒಣಗಿದೀಯಾ?"

"ಇಲ್ಲ, ಇಲ್ಲ. ಬಿಸಿಲು ಜಾಸ್ತಿ ಅಷ್ಟೇ."

ಕೊನೆಗೆ ಹೊಳೆಯೇ ಕೇಳಿತು. "ನಾನು ಕೊಡುವ ನೀರು ಕೊಡ್ತಾನೇ ಇದ್ದೀನಿ. ನಿನ್ನ ಬೇರು ಕುಡೀತಾನೇ ಇದೆ. ಆದರೆ ನೀರು ಸೊಂಟದ ತನಕ ಹೋಗಿ ಅಲ್ಲೇ ನಿಲ್ತಿದೆಯಲ್ಲೋ! ನಿಜ ಹೇಳು, ನಿನಗೇನಾಗಿದೆ?"

ಆಲ ಹೊಳೆಯ ಕಡೆ ಕೊಂಬೆ ಬಗ್ಗಿಸಿತು. ಆಮೇಲೆ ಮೆಲ್ಲಗೆ, "ಹೊಳೆಯಕ್ಕಾ, ದಾರ ಕೊಯ್ತಾ ಇದೆ. ಉಸಿರು ಕಟ್ತಿದೆ. ಆದರೆ ಬಿಚ್ಚಿ ಅಂತ ಹೇಗೆ ಹೇಳಲಿ? ಒಂದೊಂದು ದಾರವೂ ಒಬ್ಬೊಬ್ಬ ಮನುಷ್ಯ. ಬಿಡಲ್ಲ ಅಂತ ಮಾತು ಕೊಟ್ಟಿದ್ದೀನಿ," ಅಂದಿತು.

ನೋಡು, ಕೆಲವರು ಹೀಗೇ. ಬಾಯಿ ಬಿಟ್ಟು ಹೇಳಲ್ಲ. ಕೇಳಿದರೆ "ಚೆನ್ನಾಗಿದ್ದೀನಿ" ಅನ್ನುತ್ತಾರೆ. ನಿಮ್ಮಪ್ಪನೂ ಫೋನಿನಲ್ಲಿ ಹಾಗೇ ಅನ್ನುವುದು. ನನಗೆ ಗೊತ್ತಾಗಲ್ಲವೇ?

ಎಲೆ ಉದುರತೊಡಗಿತು. ಕಾಲವಲ್ಲದ ಕಾಲದಲ್ಲಿ, ಹಳದಿಯಾಗಿ, ರಾಶಿ ರಾಶಿ. ಜನ ಗಾಬರಿಯಾದರು. ಗಾಬರಿಯಾಗಿ ಏನು ಮಾಡಿದರು ಹೇಳು?

ಇನ್ನಷ್ಟು ಕಟ್ಟಿದರು! ಎಲೆ ಉದುರುತ್ತಿದೆ, ಮರ ನಮ್ಮವರನ್ನು ಕೈಬಿಡುತ್ತಿದೆ, ಬಿಗಿಯಾಗಿ ಕಟ್ಟಿ ಅಂತ ಕೂಗಾಡಿದರು. ದಾರ ಸಾಲದೆ ನಾರಿನ ಹಗ್ಗ ತಂದರು. ಇಬ್ಬಿಬ್ಬರು ಸೇರಿ ಎಳೆದು ಗಂಟು ಹಾಕಿದರು. ಅಯ್ಯೋ ಶಿವನೇ, ಹೆದರಿದ ಜನಕ್ಕೆ ಕಣ್ಣು ಕಾಣಲ್ಲ ಪುಟ್ಟಿ. ಉಸಿರು ಕಟ್ಟಿದವನಿಗೆ ಇನ್ನೊಂದು ಕಂಬಳಿ ಹೊದಿಸಿದ ಹಾಗಾಯಿತು.

ನೆರಳು ತೂತುತೂತಾಯಿತು. ಕೂಸುಗಳು ಬಿಸಿಲಿಗೆ ಬಾಡಿದವು. ಕುಟ್ರುಹಕ್ಕಿಗೆ ಇನ್ನು ತಡೆಯಲಿಲ್ಲ. ಕಟ್ಟಿರುವೆಯನ್ನು ಕರೆದು, "ನೀನು ಸಣ್ಣವಳು, ದಾರದ ಸಂದಿಗೆ ನುಗ್ಗಿ ಒಳಗೇನಾಗಿದೆ ನೋಡಿ ಬಾ," ಅಂದಿತು. ಇರುವೆ ಒಳಗೆ ಹೋಯಿತು. ಎಷ್ಟು ಹೊತ್ತಾದರೂ ಬರಲಿಲ್ಲ. ಎಲ್ಲರೂ ಬಾಯಿ ಒಣಗಿಸಿಕೊಂಡು ಕಾದರು.

ಹೊರಗೆ ಬಂದದ್ದೇ ಇರುವೆ ಜನರ ಮುಂದೆ ನಿಂತು ಹೇಳಿತು. "ಮೇಲಿನ ದಾರ ತೊಗಟೆಯನ್ನು ಒತ್ತಿದೆ. ಅದರ ಕೆಳಗಿನದು ತೊಗಟೆಯನ್ನು ಸೀಳಿದೆ. ಎಲ್ಲಕ್ಕಿಂತ ಕೆಳಗೆ ಒಂದಿದೆ, ಅರಿಶಿನದ್ದು. ಅದು ಮಾಂಸದೊಳಕ್ಕೇ ಇಳಿದಿದೆ. ಬಿಚ್ಚದಿದ್ದರೆ ಮರ ಈ ಮಳೆ ನೋಡಲ್ಲ."

ಜನ ಒಬ್ಬರ ಮುಖ ಒಬ್ಬರು ನೋಡಿದರು.

"ಸರಿ, ನೀವು ಬಿಚ್ಚಿ," ಅಂದಳು ಒಬ್ಬಳು.

"ನಾವ್ಯಾಕೆ? ನಮ್ಮದು ತೆಳ್ಳನೆ ದಾರ. ನಿಮ್ಮದು ಹಗ್ಗ!"

"ನಮ್ಮ ಮುದುಕನಿಗೆ ಈಗತಾನೆ ಕೆಮ್ಮು ಕಮ್ಮಿಯಾಗಿದೆ. ಮುಂದಿನ ವರ್ಷ ನೋಡೋಣ."

ಹೀಗೇ ಮಾತಿಗೆ ಮಾತು ಬೆಳೆದು, ಇನ್ನೂ ಒಂದಷ್ಟು ಎಲೆ ಉದುರಿತು. ಆ ಕೆಮ್ಮುವ ಮುದುಕನೇ ಕೊನೆಗೆ ರೇಗಿ ಎದ್ದ. "ಥೂ, ನನ್ನ ಕೆಮ್ಮು ನಾನು ಕೆಮ್ಮಿಕೊಳ್ತೀನಿ, ಮರ ಯಾಕೆ ಸಾಯಬೇಕು?" ಅಂತ ತನ್ನ ಹೆಸರಿನ ಹಗ್ಗವನ್ನು ತಾನೇ ಬಿಚ್ಚಿ ಎಸೆದ. ಎಲ್ಲರೂ ಉಸಿರು ಬಿಗಿಹಿಡಿದು ನೋಡಿದರು. ಮುದುಕ ಕೆಮ್ಮಿದ, ಆದರೆ ಸಾಯಲಿಲ್ಲ. ಆಗ ಒಬ್ಬೊಬ್ಬರಾಗಿ ಮುಂದೆ ಬಂದು, ಕಣ್ಣೀರು ಹಾಕುತ್ತಾ ತಮ್ಮತಮ್ಮದನ್ನು ಬಿಚ್ಚಿದರು. ಬಳೆ ಇಳಿಯಿತು, ಗೆಜ್ಜೆ ಇಳಿಯಿತು, ಮಣ್ಣಿನ ಗಿಳಿ ಇಳಿಯಿತು.

ಉಳಿದದ್ದು ಒಂದೇ. ಎಲ್ಲಕ್ಕಿಂತ ಕೆಳಗಿನದು. ಕೆಂಚವ್ವನದು.

ಕೆಂಚವ್ವ ಕಾಂಡಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟಳು. "ಯಾರಾದರೂ ಕೈ ಹಚ್ಚಿದರೆ ನೋಡಿ ಮತ್ತೆ! ನಿಮ್ಮವರೆಲ್ಲ ನಿಮ್ಮ ಕಣ್ಣ ಮುಂದೆ ಇದ್ದಾರೆ. ನಿಮಗೆ ಬಿಚ್ಚೋದು ಸುಲಭ. ನನ್ನ ಮಗ ಎಲ್ಲಿದ್ದಾನೋ! ಅವನದು ಅಂತ ನನಗೆ ಉಳಿದಿರೋದು ಈ ದಾರ ಒಂದೇ."

ಹೊಳೆಯನ್ನು ಕೇಳೋಣ ಅಂದರೆ ಹೊಳೆ ಕೆಳಗೆ ಹೋಗುತ್ತದೆಯೇ ಹೊರತು ಹಿಂದಕ್ಕೆ ಬಂದು ಸುದ್ದಿ ಹೇಳಲ್ಲ. ಗಾಳಿಯನ್ನು ಕೇಳಿದರೆ, "ಎಷ್ಟೋ ಜನರ ಬೆವರು ಒರೆಸ್ತೀನಿ ತಾಯಿ, ಹೆಸರು ಕೇಳಲ್ಲ," ಅಂದಿತು.

ಕೆಂಚವ್ವ ತಿರುಗಿ ಮರವನ್ನೇ ಕೇಳಿದಳು. "ನಿನಗೆ ನೋವಾಗ್ತಿದೆಯಾ?"

"ಇಲ್ಲ ತಾಯಿ," ಅಂದಿತು ಆಲ. ಅಂದದ್ದೇ ಒಂದು ಎಲೆ ಉದುರಿ ಅವಳ ತಲೆಯ ಮೇಲೆ ಬಿತ್ತು.

ಅವಳು ಅಲ್ಲಿಂದ ಕದಲಲಿಲ್ಲ. ಮರದ ಕೆಳಗೇ ಕಾವಲು ಕೂತಳು. ಉಣ್ಣಲು ಕರೆದರೆ ಹೋಗಲಿಲ್ಲ, ಎಲ್ಲಿ ನಾನು ಅತ್ತ ಹೋದಾಗ ಇವರು ದಾರ ಕತ್ತರಿಸಿಬಿಟ್ಟಾರೋ ಅಂತ.

ಹಾಗೆ ಕೂತಿದ್ದಾಗ ಕುಟ್ರುಹಕ್ಕಿ ಕಿರುಚಿಕೊಂಡಿತು. "ಅಯ್ಯಯ್ಯೋ! ನೋಡಿ, ನೋಡಿ! ಕೊಂಬೆಗೆ ಬೇರು ಬಂದಿದೆ!"

ನಿಜ. ಬೊಮ್ಮ ಕೂರುತ್ತಿದ್ದ ಕೊಂಬೆ ಇತ್ತಲ್ಲ, ಹೊಳೆಯ ಕಡೆ ಚಾಚಿದ್ದು, ಅದರ ಅಡಿಯಿಂದ ಸಣ್ಣಗೆ, ಕಂದುಬಣ್ಣದ್ದು, ಒಂದು ಬೇರು ಇಳಿದಿತ್ತು. ಲೋಕದಲ್ಲಿ ಅದುವರೆಗೆ ಯಾರೂ ಗಾಳಿಯಲ್ಲಿ ಬೇರು ಕಂಡವರಿಲ್ಲ. ಬೇವಿನ ಮರ ನಾಚಿಕೆಯಾಗಿ ಮುಖ ತಿರುಗಿಸಿತಂತೆ.

"ಇದೇನು ಮಾಡ್ತಿದ್ದೀಯ?" ಅಂತ ಕೆಂಚವ್ವ ಕೇಳಿದಳು.

"ನೀನು ಕೊಟ್ಟಿದ್ದನ್ನು ನಾನು ಬಿಡಲಾರೆ ತಾಯಿ. ನಿನಗೆ ಬಿಚ್ಚಲಾಗಲ್ಲ. ಸೊಂಟದ ಮೂಲಕ ನೀರು ಮೇಲೆ ಬರಲ್ಲ. ಅದಕ್ಕೆ ಕೊಂಬೆಯಿಂದಲೇ ಕೆಳಗಿಳಿದು ನೀರು ಹುಡುಕೋಣ ಅಂತ."

"ಸಿಗುತ್ತಾ?"

"ಗೊತ್ತಿಲ್ಲ ತಾಯಿ. ನೆಲ ದೂರ ಇದೆ."

ಬೇರು ಇಳಿಯಿತು. ಬಿಸಿಗಾಳಿಗೆ ತೂಗಾಡುತ್ತಾ ಇಳಿಯಿತು. ಗಾಳಿ ಪಾಪ, ಮುಟ್ಟಿದರೆ ಒಣಗೀತು ಅಂತ ದೂರ ಸರಿದು ಸರಿದು ಹೋಗುತ್ತಿತ್ತು. ಕೆಂಚವ್ವನ ಹಣೆಯ ಎತ್ತರಕ್ಕೆ ಬಂದು ಬೇರು ನಿಂತಿತು. ಮುಂದಕ್ಕೆ ಇಳಿಯಲು ಅದರಲ್ಲಿ ಜೀವ ಇರಲಿಲ್ಲ. ತುದಿ ನೆಲವನ್ನು ಹುಡುಕುತ್ತಾ ಅಲ್ಲಾಡುತ್ತಿತ್ತು, ಕಣ್ಣು ಬಿಡದ ಕೂಸು ಅಮ್ಮನನ್ನು ತಡಕಾಡುವ ಹಾಗೆ. ನೋಡನೋಡುತ್ತಾ ಆ ತುದಿ ಒಣಗಿ ಕಪ್ಪಾಗತೊಡಗಿತು.

ಕೆಂಚವ್ವ ಕೈ ಚಾಚಿ ಆ ತುದಿಯನ್ನು ಮುಟ್ಟಿದಳು. ಸೆರಗು ಎತ್ತಿ ಅದಕ್ಕೆ ನೆರಳು ಹಿಡಿದಳು.

"ನನ್ನ ಮಗನೂ ಈ ಬಿಸಿಲಲ್ಲಿ ಎಲ್ಲೋ ಒಂದು ಮರದ ಕೆಳಗೆ ಕೂತಿರಬೇಕು," ಅಂದಳು. "ಆ ಮರಕ್ಕೂ ಯಾವಳೋ ನನ್ನಂಥವಳು ಹೀಗೆ ಬಿಗಿದಿದ್ದರೆ, ಅವನಿಗೆ ನೆರಳು ಯಾರು ಕೊಡ್ತಾರೆ?"

ಎದ್ದಳು. "ಕುಡುಗೋಲು ಕೊಡಿ!" ಅಂತ ಕೂಗಿದಳು. ಕೊಡಲು ಬಂದವರನ್ನೂ ಬೈದಳು. ತೊಗಟೆಯೊಳಗೆ ಹೂತುಹೋಗಿದ್ದ ದಾರವನ್ನು ಬೆರಳಿನಿಂದ ಕೆದಕಿ ತೆಗೆದು, ಕಣ್ಣು ಮುಚ್ಚಿ, "ಬೊಮ್ಮಾ, ತಪ್ಪು ತಿಳಿಯಬೇಡ ಮಗಾ," ಅಂತ ಎಳೆದು ಕೊಯ್ದಳು.

ದಾರ ತುಂಡಾಯಿತು.

ಅವಳು ಕಿವಿ ಕೊಟ್ಟು ನಿಂತಳು. ದೂರದಲ್ಲಿ ಎಲ್ಲಾದರೂ ಅವ್ವಾ ಅಂತ ಕೂಗು ಕೇಳುತ್ತದೋ ಅಂತ. ಎಲ್ಲರೂ ನಿಂತರು. ಹೊಳೆ ಕೂಡ ಸದ್ದು ಮಾಡಲಿಲ್ಲ. ಏನೂ ಕೇಳಲಿಲ್ಲ. ಆಮೇಲೆ ಕಾಂಡದೊಳಗೆ, ಬಾಯಾರಿದವರು ತಂಬಿಗೆ ಎತ್ತಿ ಕುಡಿಯುವಾಗ ಆಗುತ್ತದಲ್ಲ, ಅಂಥ ಗುಳುಗುಳು ಸದ್ದು. ನೀರು ಮೇಲಕ್ಕೆ ಹೋಗುತ್ತಿತ್ತು! ಹಣೆಯ ಎತ್ತರದಲ್ಲಿ ನಿಂತಿದ್ದ ಬೇರಿನ ತುದಿ ಒದ್ದೆಯಾಯಿತು.

ಕೆಂಚವ್ವ ಆ ದಾರವನ್ನು ಎಸೆಯಲಿಲ್ಲ. ಬೇರಿನ ನೇರಕ್ಕೆ ನೆಲದಲ್ಲಿ ಗುಳಿ ತೋಡಿ, ಅದರೊಳಗಿಟ್ಟು, ಮಣ್ಣು ಮುಚ್ಚಿ, ಹೊಳೆಯಿಂದ ನೀರು ತಂದು ಹೊಯ್ದಳು. ಹತ್ತಿಯ ದಾರ ಮಣ್ಣಾಯಿತು. ಬೇರು ತಣ್ಣನೆಯ ಜಾಗ ಹುಡುಕಿಕೊಂಡು ಅಲ್ಲಿಗೇ ಇಳಿದು ಊರಿತು. ಊರಿ ದಪ್ಪವಾಯಿತು. ಅದೇ ಇನ್ನೊಂದು ಕಾಂಡವಾಗಿ ಕೊಂಬೆಯನ್ನು ಹೊತ್ತುಕೊಂಡಿತು. ಕೊಂಬೆ ಇನ್ನಷ್ಟು ಮುಂದಕ್ಕೆ ಚಾಚಿತು. ಚಾಚಿದ ಕಡೆ ಮತ್ತೊಂದು ಬಿಳಲು ಇಳಿಯಿತು.

ಎಲ್ಲ ಬಿಳಲಿಗೂ ಕೆಂಚವ್ವ ನೀರು ಹೊಯ್ದಳು. ಅದೂ ಹೊಳೆ ಹೋಗುವ ಕಡೆಯ ಬಿಳಲಿಗೆ ಮೊದಲು.

"ಆ ಕಡೆಗೇ ಯಾಕೆ ಕೆಂಚವ್ವ?" ಅಂತ ಜನ ಕೇಳಿದರೆ, "ಅವನು ಹೋದ ದಾರಿ ಅದು. ಕಟ್ಟಿಹಾಕೋಕೆ ಆಗಲಿಲ್ಲ. ನೆರಳಾದರೂ ಅವನ ಹಿಂದೆ ಹೋಗಲಿ," ಅನ್ನುತ್ತಿದ್ದಳಂತೆ.

ಬೊಮ್ಮ ಬಂದನಾ ಅಂತ ಕೇಳುತ್ತೀಯಾ? ನಾನೂ ಚಿಕ್ಕವಳಿದ್ದಾಗ ನಮ್ಮಜ್ಜಿಯನ್ನು ಕೇಳಿದ್ದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, "ಸುಮ್ಮನಿರೇ, ಮರ ಇನ್ನೂ ನಡೀತಾ ಇದೆ," ಅಂದಿದ್ದಳು. ನನಗೂ ಅಷ್ಟೇ ಗೊತ್ತಿರುವುದು.

ಹತ್ತಿಯ ದಾರವಾಗಿದ್ದಕ್ಕೆ ಮಣ್ಣಾಯಿತು ಬಿಡು. ಈಗ ನೋಡು ಆ ಕಡೆ. ನೈಲಾನ್ ದಾರ, ಪ್ಲಾಸ್ಟಿಕ್ ತೋರಣ. ಯಾರೋ ಪುಣ್ಯಾತ್ಮರು ಮೊಳೆ ಹೊಡೆದು ಸೀರಿಯಲ್ ಸೆಟ್ ಬೇರೆ ಹಾಕಿದ್ದಾರೆ. ಅದೆಲ್ಲ ಹತ್ತು ಮಳೆ ಬಂದರೂ ಕೊಳೆಯಲ್ಲ. ಕಾಂಡದ ಮೇಲೆ ಆ ಗೀರು ಕಾಣಿಸಿತಾ? ನನಗಂತೂ ನೋಡಲಾಗಲ್ಲ, ನನ್ನ ಸೊಂಟಕ್ಕೇ ಬಿಗಿದ ಹಾಗಾಗುತ್ತದೆ.

ಏಳು, ನಿಮ್ಮಮ್ಮನ ಸರದಿ ಬಂತು. ನೋಡು, ಕಾಂಡಕ್ಕೆ ಕಾಲು ಕೊಟ್ಟು ಎಳೆಯುತ್ತಿದ್ದಾಳೆ, ಅವಳಿಗೂ ನಿಮ್ಮಪ್ಪನ ಚಿಂತೆ. ಶಿವಲೀಲಾ! ಸಡಿಲ ಕಟ್ಟೇ ತಾಯಿ, ಪೂಜೆ ಮುಗಿದ ಮೇಲೆ ಬಿಚ್ಚಿಕೊಂಡು ಹೋಗೋಣ! ಏನೂ ಆಗಲ್ಲ, ನನ್ನ ಹೊಟ್ಟೆಯಲ್ಲಿ ಹುಟ್ಟಿದವನು, ನನಗಿಲ್ಲವಾ ಭಯ?

ಪುಟ್ಟಿ, ನೀನು ಈ ತಂಬಿಗೆ ಹಿಡಿ, ಚೆಲ್ಲಬೇಡ. ನೆಲ ಮುಟ್ಟದ ಒಂದು ಬಿಳಲು ಅಲ್ಲಿದೆ, ರಸ್ತೆಯ ಕಡೆಯದು, ನಿಮ್ಮಪ್ಪನ ಲಾರಿ ಹೋದ ದಿಕ್ಕಿನದು. ಅದರ ಕೆಳಗೆ ಹೊಯ್ಯಿ, ಮೆಲ್ಲಗೆ. ಅವತ್ತು ಕೆಂಚವ್ವ ದಾರ ಕೊಯ್ದು ನೀರು ಹೊಯ್ದಳಲ್ಲ, ಅದಕ್ಕೇ ಇವತ್ತಿಗೂ ಆಲದ ಮರ ಕೊಂಬೆಯಿಂದ ಬಿಳಲು ಇಳಿಬಿಟ್ಟು, ಅದನ್ನೇ ಕಾಲು ಮಾಡಿಕೊಂಡು, ಮನೆ ಬಿಟ್ಟು ಹೋದವರ ಹಿಂದೆ ಒಂದೊಂದೇ ಹೆಜ್ಜೆ ನೆರಳು ಹೊತ್ತು ನಡೆಯುತ್ತದೆ.